ಜನಾಂಗದ ಸ್ವಭಾವವೆಂಬ ಮಾತು

1939ರ ಶರತ್ಕಾಲದಲ್ಲಿ ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ತಮ್ಮ ಶಿಷ್ಯ ನಾರ್ಮನ್ ಮಾಲ್ಕಮ್‌ರೊಡನೆ ಕೇಂಬ್ರಿಜಿನಲ್ಲಿ ನದೀತೀರದ ದಾರಿ ಹಿಡಿದಿದ್ದರು. ಹಿಟ್ಲರನ ಕೊಲೆಯತ್ನಕ್ಕೆ ಬ್ರಿಟಿಷ್ ಸರ್ಕಾರದ ಕುಮ್ಮಕ್ಕಿತ್ತೆಂದು ಜರ್ಮನಿಯು ಆರೋಪಿಸಿದ ಸುದ್ದಿ ಪತ್ರಿಕೆ ಮಾರುವವನ ಫಲಕದಲ್ಲಿ ಕಂಡಿತು. ನಿಜವಿದ್ದರೂ ಇರಬಹುದೆಂದರು ಗುರುಗಳು. ಅಂಥ ಹೀನಕೃತ್ಯವು ಬ್ರಿಟಿಷರ ರಾಷ್ಟ್ರೀಯ ಸ್ವಭಾವಕ್ಕೆ ಒಗ್ಗದೆಂದು ಶಿಷ್ಯರು ಉತ್ತರಿಸಿದರು. ಗುರುಗಳಿಗೆ ಕಡುಕೋಪ ಬಂದಿತು. ಐದು ವರ್ಷಗಳ ತರುವಾಯ, 1944ರಲ್ಲಿ, ಮಾಲ್ಕಮ್‌ರಿಗೆ ಬರೆದ ಖಾಸಗಿ ಪತ್ರದಲ್ಲಿ ಅವರು ಮತ್ತೆ ಆ ಮಾತನ್ನೆತ್ತಿದರು. ನಿತ್ಯಜೀವನದ ಪ್ರಶ್ನೆಗಳಲ್ಲಿ ನಮ್ಮ ಆಲೋಚನೆಯನ್ನು ತಿದ್ದದ, ಅಪಾಯಕರ ಪದಗಳನ್ನು ಬಳಸುವಾಗ ನಮ್ಮನ್ನು ಎಚ್ಚರಿಸದ ತತ್ತ್ವಶಾಸ್ತ್ರವನ್ನು ಕಲಿತು ಫಲವೇನೆಂಬುದು ಆ ಪತ್ರದ ಸಾರ. ಕೋಪ ಬಂದದ್ದು ನಿಂದೆಯ ಮಾತಿಗಲ್ಲ, ಹೊಗಳಿಕೆಯ ಮಾತಿಗೆ.

ಮಂಡ್ಯ ಸೀಮೆಗೆ ಈ ಪ್ರಶ್ನೆ ಹೊರಗಿನದಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿಯ ಕ್ರೈಸ್ತರನ್ನು ಕೂಡಿಸಲು ಬಂದ ಫ್ರೆಂಚ್ ಮಿಷನರಿ ಅಬೆ ದ್ಯುಬುವಾ, ನಾಡಿನ ಉಡುಪನ್ನೇ ತೊಟ್ಟು, ಸಿಡುಬಿಗೆ ಲಸಿಕೆ ಹಾಕಿಸುತ್ತ ಜನರ ನಡುವೆ ಬಾಳಿದರು. ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಕೊಂಡುಕೊಂಡಿತು. ಇಂಗ್ಲಿಷ್ ಅನುವಾದವು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಭಾರತೀಯರ ‘ಸ್ವಭಾವ’ವೆಂಬ ಪದವು ಅದರ ಶೀರ್ಷಿಕೆಯಲ್ಲೇ ಇದೆ. ಆದರೆ ಕಣ್ಣಾರೆ ಕಂಡಂತೆ ಓದಿಸಿಕೊಳ್ಳುವ ಆ ಗ್ರಂಥದ ಬಹುಭಾಗಕ್ಕೆ 18ನೆಯ ಶತಮಾನದ ಯೇಸುಸಭೆಯ ಪಾದ್ರಿ ಕೆರ್ದು ಅವರ ಬರಹವೇ ಮೂಲವೆಂದು ಸಂಶೋಧಕಿ ಸಿಲ್ವಿಯಾ ಮ್ಯುರ್ ತೋರಿಸಿದ್ದಾರೆ. ಜನರ ನಡುವೆ ಬಾಳಿದವರೂ ಜನರ ಸ್ವಭಾವವನ್ನು ಹಳೆಯ ಕಾಗದದಿಂದ ಎತ್ತಿಕೊಂಡರೆಂಬುದು ನಮಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಅಂಥ ದಿನಗಳಲ್ಲಿ ಹೊಣಕೆರೆಯಂಥ ಊರಿನ ಜಗಲಿಯ ಮೇಲೂ ಹುಟ್ಟುವ ಮಾತೆಂದರೆ, ಅವರ ಜಾಯಮಾನವೇ ಹಾಗೆ ಎಂಬುದು. ನ್ಯಾಯಾಲಯವು ಕೇಳುವುದು ಯಾರು ಏನು ಮಾಡಿದರೆಂದು. ಈ ಮಾತಾದರೋ ಅಂದು ಮನೆಯಿಂದ ಹೊರಗೇ ಬಾರದವನನ್ನೂ ಅಪರಾಧಿಯಾಗಿಸುತ್ತದೆ. ಕ್ರೈಸ್ತರು ಶಾಂತಿಪ್ರಿಯರೆಂದು ನಾವು ಪ್ರಸಂಗಪೀಠದಿಂದ ಹೇಳುವುದೂ (ಹೇಳುತ್ತಲೇ ಇರುತ್ತೇವೆ) ಅದೇ ವ್ಯಾಕರಣದ ಮಾತು. ಮಾಲ್ಕಮ್‌ರಂತೆಯೇ ನಾವು ನಮ್ಮವರ ತಪ್ಪನ್ನು ವಿಚಾರಣೆಗೆ ಮೊದಲೇ ತಳ್ಳಿಹಾಕಿರುತ್ತೇವೆ.

ತೊಡಕು ವೇದದಲ್ಲೇ ಇದೆ. ತೀತನಿಗೆ ಬರೆದ ಪತ್ರಿಕೆಯ 1:12ರಲ್ಲಿ ಕ್ರೇತದವರನ್ನೆಲ್ಲ ಸುಳ್ಳುಗಾರರೆನ್ನುವ ಕಟುನುಡಿಯಿದೆ. ಮುಂದಿನ ವಚನವು ಅದನ್ನು ನಿಜವೆಂದೇ ಒಪ್ಪುತ್ತದೆ. ಇದನ್ನು ಮೃದುಗೊಳಿಸಲು ನಾವು ಯತ್ನಿಸೆವು. ಆದರೆ ಆ ನುಡಿ ಕ್ರೇತದವನೊಬ್ಬನದೇ ಎಂದು ಪತ್ರಿಕೆಯು ತಿಳಿಸುತ್ತದೆ. ಮೇಲಾಗಿ 1:5ರಿಂದ ಮುಂದಕ್ಕೆ, ಅದೇ ದ್ವೀಪದ ಊರೂರುಗಳಲ್ಲಿ ನಿಂದಾರಹಿತರಾದ ಸಭೆಯ ಹಿರಿಯರನ್ನು ನೇಮಿಸಬೇಕೆಂಬ ಅಪ್ಪಣೆಯಿದೆ. ಸುಳ್ಳು ಅವರ ಹುಟ್ಟುಗುಣವೇ ಆಗಿದ್ದರೆ ತೀತನು ಆ ಹಿರಿಯರನ್ನು ಎಲ್ಲಿಂದ ತರಬೇಕಿತ್ತು?