ಕೊಟ್ಟಿಗೆಯ ಧೂಳಿನಲ್ಲಿ ಕ್ಯೂ ಜ್ವರ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿದ್ದು 1957ರಲ್ಲಿ. ಕಾಡಿನೊಳಗೆ ಮಂಗ, ಮುಸಿಯಗಳು ಸತ್ತು ಬೀಳುತ್ತಿದ್ದವು. ಅಂಚಿನ ಊರುಗಳಲ್ಲಿ ಜನ ಜ್ವರ ಹಿಡಿದು ಮಲಗಿದ್ದರು. ಹಳದಿ ಜ್ವರವೇ ಬಂತೇನೋ ಎಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಉಣುಗಿನಿಂದ ಹರಡುವ, ಮಂಗನ ಕಾಯಿಲೆ ತರುವ ಹೊಸದೊಂದು ವೈರಸ್. ಅಂದಿನಿಂದ ಈ ಸೀಮೆಯಲ್ಲಿ ಮಂಗ ಸತ್ತಿದೆಯೆಂದರೆ ಅದು ಆರೋಗ್ಯ ಇಲಾಖೆಗೆ ಮುಟ್ಟಿಸಬೇಕಾದ ಸುದ್ದಿ. ಆದರೆ ಕೊಟ್ಟಿಗೆಯಲ್ಲಿ ಮೇಕೆ ಕಂದು ಹಾಕಿದರೆ? ಅದು ಮನೆಯ ನಷ್ಟವೆಂದು, ಹೆಚ್ಚೆಂದರೆ ಪಶು ಆಸ್ಪತ್ರೆಯ ವಿಷಯವೆಂದು ಅಲ್ಲಿಗೇ ಮುಗಿದುಹೋಗುತ್ತದೆ. ಹಾಗೆ ಮುಗಿಯಬಾರದು ಎನ್ನುವುದಕ್ಕೆ ಒಂದು ಕಾರಣ ಕ್ಯೂ ಜ್ವರ.

1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕಸಾಯಿಖಾನೆ ಕೆಲಸಗಾರರಲ್ಲಿ ಕಾಣಿಸಿಕೊಂಡ, ಮೂಲ ತಿಳಿಯದ ಜ್ವರವನ್ನು ಎಡ್ವರ್ಡ್ ಡೆರಿಕ್ ಎಂಬ ವೈದ್ಯರು ಬೆನ್ನುಹತ್ತಿದರು; ಅದೇ ಕ್ಯೂ ಜ್ವರ. ಕಾರಣ ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಬ್ಯಾಕ್ಟೀರಿಯಾ. ದನ, ಕುರಿ, ಮೇಕೆಗಳಲ್ಲಿ ಇದು ಸದ್ದಿಲ್ಲದೆ ಮನೆಮಾಡಿಕೊಂಡಿರುತ್ತದೆ. ಹೆಚ್ಚಿನವು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತವೆ. ಕೆಲವು ತಿಂಗಳು ತುಂಬುವ ಹೊತ್ತಿಗೆ ಕಂದು ಹಾಕುತ್ತವೆ, ಇಲ್ಲವೇ ಬಡಕಲು ಮರಿ ಈಯುತ್ತವೆ. ಭಾರತದಲ್ಲೂ ಜಾನುವಾರು ಮತ್ತು ಮನುಷ್ಯರಿಬ್ಬರಲ್ಲೂ ಈ ಸೋಂಕಿನ ಗುರುತು ಸಿಕ್ಕಿದೆ.

ಮಲೆನಾಡಿನ ಮನೆಗಳಲ್ಲಿ ಹಸು ಈಯುವುದು ಮನೆಮಂದಿಯ ಕೆಲಸ. ಯಾರೋ ಬ್ಯಾಟರಿ ಹಿಡಿಯುತ್ತಾರೆ, ಹಿರಿಯರು ಬರಿಗೈಯಲ್ಲೇ ಕರುವನ್ನು ಎಳೆದುಕೊಳ್ಳುತ್ತಾರೆ, ಅದರ ಮೂಗು ಬಾಯಿಯ ಲೋಳೆ ತೆಗೆದು ಗೋಣಿಚೀಲದಲ್ಲಿ ಮೈ ಒರೆಸುತ್ತಾರೆ. ಕಸ (ಮಾಸು) ಬೀಳುವವರೆಗೆ ಹಸು ಅದನ್ನು ತಿನ್ನದಂತೆ ಒಬ್ಬರು ಕಾಯುತ್ತಾರೆ. ಬಿದ್ದ ಕಸವನ್ನು ಹುಲ್ಲಿನಲ್ಲಿ ಕಟ್ಟಿ ಆಲದ ಮರಕ್ಕೆ ನೇತುಹಾಕಿದರೆ ಹಾಲು ಹೆಚ್ಚುತ್ತದೆಂಬ ನಂಬಿಕೆ ಎಷ್ಟೋ ಊರುಗಳಲ್ಲಿದೆ. ಸೋಂಕು ತಗಲಿದ ಪ್ರಾಣಿಯ ಒಂದು ಗ್ರಾಂ ಕಸದಲ್ಲಿ ನೂರು ಕೋಟಿಯಷ್ಟು ರೋಗಾಣುಗಳಿರಬಹುದು. ಅದು ಒಣಗಿದರೂ ರೋಗಾಣು ಸಾಯುವುದಿಲ್ಲ. ಹಾಸಿದ ಸೊಪ್ಪಿನಲ್ಲಿ, ದರಗಿನಲ್ಲಿ, ಗೊಬ್ಬರದ ಗುಂಡಿಯಲ್ಲಿ ತಿಂಗಳುಗಟ್ಟಲೆ ಉಳಿದು ಧೂಳಿನ ಜೊತೆ ಗಾಳಿಗೆ ಏರುತ್ತದೆ. ಉಸಿರಿನೊಡನೆ ಒಳಹೋಗುವ ಕೆಲವೇ ಕೆಲವು ರೋಗಾಣು ಸೋಂಕಿಗೆ ಸಾಕು. ಗೊಬ್ಬರ ತೋಡಿ ಅಡಿಕೆ ತೋಟಕ್ಕೆ ಹೊರುವವರು, ಶಿಕಾರಿಪುರದ ಕಡೆ ಹೊಲದಲ್ಲಿ ಮಂದೆ ನಿಲ್ಲಿಸುವ ಕುರಿಗಾಹಿಗಳು, ಮಾಂಸದಂಗಡಿಯವರು, ಪಶುವೈದ್ಯರು ಎಲ್ಲರೂ ಈ ಗಾಳಿಯಲ್ಲೇ ದುಡಿಯುವವರು.

ಒಳಹೊಕ್ಕ ಎರಡು ಮೂರು ವಾರಕ್ಕೆ ಕಾಯಿಲೆ ತಲೆಯೆತ್ತುತ್ತದೆ. ಅರ್ಧದಷ್ಟು ಜನರಿಗೆ ಏನೂ ಆಗದು. ಉಳಿದವರಿಗೆ ಒಮ್ಮೆಲೇ ಏರುವ ಜ್ವರ, ಚಳಿ, ಬೆವರು, ಸಹಿಸಲಾಗದ ತಲೆನೋವು, ಮೈಕೈ ನೋವು, ಎದ್ದು ಕೂರಲಾರದ ಸುಸ್ತು. ಕೆಲವರಿಗೆ ಒಣಕೆಮ್ಮಿನೊಂದಿಗೆ ನ್ಯುಮೋನಿಯಾ, ಕೆಲವರಿಗೆ ಯಕೃತ್ತಿನ ಉರಿಯೂತ. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಸುಸ್ತು ಬಿಡದವರಿದ್ದಾರೆ. ದಿನಗೂಲಿಯವರ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಇನ್ನೂ ಭಯಪಡಬೇಕಾದದ್ದು ಹೃದಯದ ಕವಾಟ ಕೆಟ್ಟವರ ವಿಷಯದಲ್ಲಿ. ಅವರಲ್ಲಿ ರೋಗಾಣು ಅಡಗಿ ಕುಳಿತು ತಿಂಗಳುಗಳ, ವರ್ಷಗಳ ನಂತರ ಕವಾಟವನ್ನೇ ತಿನ್ನತೊಡಗಬಹುದು. ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣಕ್ಕೇ ಎರವಾಗುತ್ತದೆ. ಬಸುರಿಯರಲ್ಲಿ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆಯ ಅಪಾಯವಿದೆ.

ಮಂಗನ ಕಾಯಿಲೆಗೆ ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಕ್ಯೂ ಜ್ವರಕ್ಕೆ ಇದೆ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ, ಸಾಮಾನ್ಯವಾಗಿ ಎರಡು ವಾರ. ಹೃದಯಕ್ಕೆ ಇಳಿದ ಮೇಲಾದರೆ ಎರಡು ಔಷಧಿಗಳನ್ನು ಕನಿಷ್ಠ ಒಂದೂವರೆ ವರ್ಷ ನುಂಗಬೇಕು. ಮದ್ದಿರುವ ರೋಗವನ್ನು ಗುರುತಿಸದೆ ಬಿಡುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ಸಂಗತಿ. ಟೈಫಾಯಿಡ್‌ಗೆಂದು ಮಾಡಿಸುವ ವೈಡಾಲ್ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಮಾಮೂಲಿ ರಕ್ತ ಕಲ್ಚರಿನಲ್ಲೂ ಬೆಳೆಯುವುದಿಲ್ಲ. ಇದಕ್ಕೆಂದೇ ಇರುವ ಪ್ರತಿಕಾಯ ಪರೀಕ್ಷೆ ಅಥವಾ ಪಿಸಿಆರ್ ಆಗಬೇಕು. ಅದನ್ನು ಬರೆಯಲು ವೈದ್ಯರಿಗೆ ಮೊದಲು ಅನುಮಾನ ಬರಬೇಕು. ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆಗಳ ನಡುವೆ ಆ ಅನುಮಾನ ಸುಲಭವಾಗಿ ಹುಟ್ಟದು.

ನೆದರ್ಲೆಂಡ್ಸ್‌ನಂಥ ಮುಂದುವರಿದ ದೇಶವೂ ಇಲ್ಲಿ ಎಡವಿದೆ. 2007ರಿಂದ 2010ರವರೆಗೆ ಅಲ್ಲಿ 4,000ಕ್ಕೂ ಹೆಚ್ಚು ಜನರಿಗೆ ಕ್ಯೂ ಜ್ವರ ಬಂತು. ಹಾಲಿನ ಮೇಕೆ ಫಾರಂಗಳಲ್ಲಿ ಕಂದು ಬೀಳುವುದು ಹೆಚ್ಚಾದದ್ದು ಅದಕ್ಕೂ ಮೊದಲೇ. ಕೊನೆಗೆ 50,000ಕ್ಕೂ ಹೆಚ್ಚು ಮೇಕೆಗಳನ್ನು ಕೊಲ್ಲಬೇಕಾಯಿತು. ಸರ್ಕಾರ ತಡವಾಗಿ ಎಚ್ಚೆತ್ತಿತೆಂದು ವಿಚಾರಣಾ ಸಮಿತಿಯೇ ಹೇಳಿತು. ಸೊರಬ, ಶಿಕಾರಿಪುರಗಳಲ್ಲಿ ಪಶು ಆಸ್ಪತ್ರೆಗೆ ಬರುವ ಕಂದಿನ ಸುದ್ದಿ ತಾಲ್ಲೂಕು ಆಸ್ಪತ್ರೆಗೂ ತಲುಪುವಂತಾಗಬೇಕು. ಮಂಗ ಸತ್ತ ಸುದ್ದಿಗೆ ಇಂಥ ದಾರಿ ಇರುವಾಗ ಮೇಕೆಯ ಕಂದಿಗೂ ಅದನ್ನು ಮಾಡಬಹುದು.

ಮನೆಯವರು ಮಾಡಬಹುದಾದದ್ದೂ ಇದೆ. ಕಸವನ್ನು ಮರಕ್ಕೆ ಕಟ್ಟದೆ, ನಾಯಿಗೆ ಹಾಕದೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಈಯಿಸುವಾಗ ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಇರಲಿ. ಬಸುರಿಯರನ್ನೂ ಹೃದಯದ ತೊಂದರೆ ಇರುವವರನ್ನೂ ಆ ಹೊತ್ತಿಗೆ ಕೊಟ್ಟಿಗೆಯಿಂದ ದೂರವಿಡಿ. ಹಾಲು ಕಾಯಿಸದೆ ಕುಡಿಯಬೇಡಿ. ಜ್ವರ ಬಂದು ಆಸ್ಪತ್ರೆಗೆ ಹೋದಾಗ, ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ: ಮೂರು ವಾರದ ಹಿಂದೆ ನಮ್ಮ ಮನೆಯ ಮೇಕೆ ಕಂದು ಹಾಕಿತ್ತು, ನಾನೇ ತೆಗೆದು ಹಾಕಿದೆ ಎಂದು.