ಗುಜರಿಗೆ ಹಾಕುವ ಮುನ್ನ

ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸಿ ಹರಿಗೋಲು ಕಟ್ಟುತ್ತಿದ್ದರು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಲಂಗರಿಗೆ ಹಗ್ಗ ಬಿಗಿದ ಕಲ್ಲು, ನೀರು ಮೊಗೆಯಲು ಕತ್ತರಿಸಿದ ಕ್ಯಾನು ಸಾಕು. ಈಜು ಬಾರದವರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದರು. ಆ ಕೆಲಸವನ್ನು ಇಂದು ಖಾಲಿ ಎಣ್ಣೆ ಕ್ಯಾನು ಮಾಡಬಲ್ಲದು.

5 ಲೀಟರಿನ ಕ್ಯಾನು ಪೂರ್ತಿ ಮುಳುಗಿದರೆ ನೀರು ಅದನ್ನು ಸುಮಾರು 5 ಕಿಲೋ ತೂಕದಷ್ಟು ಬಲದಿಂದ ಮೇಲೆತ್ತುತ್ತದೆ. ಇದು ಆರ್ಕಿಮಿಡೀಸ್ ತತ್ವ. ಎರಡು ಕ್ಯಾನುಗಳನ್ನು ಅಪ್ಪಿಕೊಂಡವನ ತಲೆ ನೀರಿನ ಮೇಲೆಯೇ ಉಳಿಯುತ್ತದೆ.

ತಿಕೋಟಾ, ಬಬಲೇಶ್ವರದ ರೈತರೇ, ಕೃಷಿ ಹೊಂಡದ ಪ್ಲಾಸ್ಟಿಕ್ ಹಾಸು ಜಾರುತ್ತದೆ, ಬಿದ್ದವರು ಹತ್ತಲಾರರು. ದಂಡೆಯಲ್ಲಿ ಹಗ್ಗ ಕಟ್ಟಿದ ಕ್ಯಾನು ತೂಗುಹಾಕಿರಿ. ಒಳಗೆ ಒಂದು ಲೋಟ ನೀರಿರಲಿ, ಎಸೆದಾಗ ದೂರ ಹೋಗುತ್ತದೆ. ಮುಚ್ಚಳ ಬಿಗಿಯಾಗಿರಲಿ. ಹರಿಗೋಲಿನವರು ಮಾತ್ರ ಇದನ್ನು ಲೈಫ್ ಜಾಕೆಟ್ಟಿಗೆ ಬದಲಿಯೆಂದು ತಿಳಿಯಬಾರದು.