ಬಸದಿಯ ವಿಡಿಯೊಗೆ ಕಾಪಿರೈಟ್ ಕ್ಲೇಮ್ ಬಂದರೆ ಏನು ಮಾಡಬೇಕು?



ಈಗ ಅನೇಕ ಊರುಗಳ ಬಸದಿ ಸಮಿತಿಗಳು ಯೂಟ್ಯೂಬ್ ಚಾನೆಲ್ ನಡೆಸುತ್ತಿವೆ. ಪಂಚಕಲ್ಯಾಣ, ಸಿದ್ಧಚಕ್ರ ವಿಧಾನ, ದಶಲಕ್ಷಣ ಪರ್ವದ ಪೂಜೆ, ಮುನಿಮಹಾರಾಜರ ಪ್ರವಚನ ಎಲ್ಲವೂ ಅದರಲ್ಲಿ ಬರುತ್ತವೆ. ಬಸದಿಗೆ ಬರಲಾಗದ ಹಿರಿಯರು, ದೂರದ ಊರಿನಲ್ಲಿರುವ ಮಕ್ಕಳು ಇವನ್ನು ಕಾದು ನೋಡುತ್ತಾರೆ. ಹೀಗೆ ಹಾಕಿದ ವಿಡಿಯೊಗೆ 'ಕಾಪಿರೈಟ್ ಕ್ಲೇಮ್' ಎಂಬ ಸೂಚನೆ ಬಂದರೆ ಕೆಲವರು ಗಾಬರಿಯಿಂದ ವಿಡಿಯೊವನ್ನೇ ಅಳಿಸುತ್ತಾರೆ. ಕೆಲವರು ಏನೆಂದು ನೋಡದೆ ಹಾಗೇ ಬಿಡುತ್ತಾರೆ. ಎರಡೂ ಸರಿಯಲ್ಲ.

ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ

ಸಂಗೀತ ಕಂಪನಿಗಳು ತಮ್ಮ ಹಾಡುಗಳನ್ನು ಯೂಟ್ಯೂಬ್‌ನ 'ಕಂಟೆಂಟ್ ಐಡಿ' ಎಂಬ ವ್ಯವಸ್ಥೆಗೆ ಕೊಟ್ಟಿರುತ್ತವೆ. ನಾವು ಹಾಕುವ ವಿಡಿಯೊದ ಧ್ವನಿಯನ್ನು ಯಂತ್ರವೇ ಅದರೊಂದಿಗೆ ಹೋಲಿಸುತ್ತದೆ. ಹೊಂದಿಕೆಯಾದರೆ ಕ್ಲೇಮ್ ಬೀಳುತ್ತದೆ. ಆಗ ಹಕ್ಕುದಾರರು ನಮ್ಮ ವಿಡಿಯೊದ ಜಾಹೀರಾತು ಹಣವನ್ನು ತಾವು ಪಡೆಯಬಹುದು, ಎಷ್ಟು ಜನ ನೋಡಿದರೆಂದು ಲೆಕ್ಕ ಇಡಬಹುದು, ಇಲ್ಲವೇ ವಿಡಿಯೊವನ್ನು ತಡೆಯಬಹುದು. ಸಾಮಾನ್ಯವಾಗಿ ಇದರಿಂದ ಚಾನೆಲ್‌ಗೆ ಅಪಾಯವಿಲ್ಲ.

ಸ್ಟ್ರೈಕ್ ಹಾಗಲ್ಲ. ಹಕ್ಕುದಾರರು ಕಾನೂನಿನ ಪ್ರಕಾರ ಬೇಡಿಕೆ ಸಲ್ಲಿಸಿ ವಿಡಿಯೊ ತೆಗೆಸಿದಾಗ ಅದು ಬರುತ್ತದೆ. 90 ದಿನಗಳೊಳಗೆ ಮೂರು ಸ್ಟ್ರೈಕ್ ಆದರೆ ಇಡೀ ಚಾನೆಲ್ ಮುಚ್ಚಿಹೋಗಬಹುದು. ವರ್ಷಗಟ್ಟಲೆ ಕೂಡಿಟ್ಟ ಪ್ರವಚನಗಳು, ಸಮಾಧಿ ಹೊಂದಿದ ಮುನಿಗಳ ಮಾತುಗಳು ಒಮ್ಮೆಗೇ ಹೋಗುತ್ತವೆ. ಆದ್ದರಿಂದ ಮೊದಲು ಬಂದಿರುವುದು ಕ್ಲೇಮೋ ಸ್ಟ್ರೈಕೋ ಎಂದು ನೋಡಿಕೊಳ್ಳಿ.

ಸ್ತೋತ್ರ ಹಳೆಯದು, ಧ್ವನಿಮುದ್ರಣ ಹಳೆಯದಲ್ಲ

'ಣಮೋಕಾರ ಮಂತ್ರಕ್ಕೆ ಯಾರ ಹಕ್ಕು?' ಎಂದು ಅನೇಕರು ಕೇಳುತ್ತಾರೆ. ಮಂತ್ರಕ್ಕೆ ಯಾರ ಹಕ್ಕೂ ಇಲ್ಲ. ಮಾನತುಂಗಾಚಾರ್ಯರ ಭಕ್ತಾಮರ ಸ್ತೋತ್ರಕ್ಕೂ, ರತ್ನಾಕರವರ್ಣಿಯ ಭರತೇಶ ವೈಭವಕ್ಕೂ ಇಲ್ಲ. ಆದರೆ ಅದನ್ನು ಒಬ್ಬ ಗಾಯಕರು ವಾದ್ಯಗಳೊಂದಿಗೆ ಹಾಡಿ, ಕಂಪನಿಯೊಂದು ಮುದ್ರಿಸಿ ಬಿಡುಗಡೆ ಮಾಡಿದರೆ ಆ ಮುದ್ರಣಕ್ಕೆ ಹಕ್ಕು ಇರುತ್ತದೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷ ಇರುತ್ತದೆ. 1980ರಲ್ಲಿ ಬಂದ ಭಕ್ತಿಗೀತೆಯ ಕ್ಯಾಸೆಟ್ಟಿಗೆ 2040ರ ಕೊನೆಯವರೆಗೂ ಹಕ್ಕಿದೆ. ಸಾಹಿತ್ಯ ಮತ್ತು ರಾಗಸಂಯೋಜನೆಗೆ ರಚಿಸಿದವರು ತೀರಿಕೊಂಡ ವರ್ಷದ ನಂತರ 60 ವರ್ಷ.

ಇನ್ನೊಂದು ಮಾತು. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಗಾಯಕರದ್ದಲ್ಲ, ಹಣ ಹಾಕಿ ಮುದ್ರಿಸಿದ ನಿರ್ಮಾಪಕರದ್ದು. 'ಹಾಡಿದವರು ನಮ್ಮ ಪರಿಚಯದವರೇ, ಹಾಕಿಕೊಳ್ಳಿ ಎಂದರು' ಎಂದರೆ ಸಾಲದು. ಸಿನಿಮಾ ಹಾಡಿನ ಧಾಟಿಗೆ ಭಜನೆಯ ಸಾಲುಗಳನ್ನು ಕೂಡಿಸಿ ಹಾಡುವ ರೂಢಿಯೂ ನಮ್ಮಲ್ಲಿ ಇದೆ. ಸಾಲುಗಳು ನಮ್ಮವಾದರೂ ಧಾಟಿ ಬೇರೆಯವರದ್ದು. ಅದಕ್ಕೂ ಕ್ಲೇಮ್ ಬರಬಹುದು.

ಧಾರ್ಮಿಕ ಕಾರ್ಯಕ್ರಮಕ್ಕೆ ವಿನಾಯಿತಿ ಇಲ್ಲವೇ?

ಇದೆ. ಕಾಯ್ದೆಯ 52ನೇ ಕಲಮಿನಲ್ಲಿ ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಡುವುದಕ್ಕೆ, ಮುದ್ರಿತ ಹಾಡು ಹಾಕುವುದಕ್ಕೆ ವಿನಾಯಿತಿ ಇದೆ. ಮದುವೆಯ ಮೆರವಣಿಗೆಯೂ ಅದರಲ್ಲಿ ಸೇರಿದೆ. ಆದರೆ ಇದು ನಡೆಯುತ್ತಿರುವ ಸಮಾರಂಭಕ್ಕೆ ಸಂಬಂಧಿಸಿದ ಮಾತು. ಅದನ್ನು ಚಿತ್ರೀಕರಿಸಿ, ಸಂಕಲನ ಮಾಡಿ, ವರ್ಷಗಟ್ಟಲೆ ಇಂಟರ್ನೆಟ್ಟಿನಲ್ಲಿ ಇಡುವುದಕ್ಕೂ ಈ ವಿನಾಯಿತಿ ಸಾಕೆಂದು ನಂಬಿ ಕೂರಬೇಡಿ.

ಕ್ಲೇಮ್ ಬಂದಾಗ ಮಾಡುವ ಕ್ರಮ

1. ಯೂಟ್ಯೂಬ್ ಸ್ಟುಡಿಯೊ ತೆರೆದು ಆ ವಿಡಿಯೊದ ವಿವರ ನೋಡಿ. ಯಾವ ಹಾಡು, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ, ಯಾರ ಕ್ಲೇಮ್, ಪರಿಣಾಮವೇನು ಎಂಬುದೆಲ್ಲ ಅಲ್ಲಿರುತ್ತದೆ.

2. ವಿಡಿಯೊ ಎಲ್ಲರಿಗೂ ಕಾಣುತ್ತಿದ್ದು, ಜಾಹೀರಾತು ಹಣ ಮಾತ್ರ ಅವರಿಗೆ ಹೋಗುತ್ತಿದ್ದರೆ ಹಾಗೆಯೇ ಬಿಡಬಹುದು. ಪ್ರವಚನದ ನಡುವೆ ಜಾಹೀರಾತು ಬರುವುದು ಬೇಡವೆಂದಿದ್ದರೆ ಮುಂದಿನ ದಾರಿ ಹಿಡಿಯಿರಿ.

3. ಸ್ಟುಡಿಯೊದಲ್ಲಿಯೇ ಆ ಭಾಗವನ್ನು ಕತ್ತರಿಸಬಹುದು, ಹಾಡನ್ನು ಮ್ಯೂಟ್ ಮಾಡಬಹುದು, ಇಲ್ಲವೇ ಅಲ್ಲಿಯ ಉಚಿತ ಸಂಗ್ರಹದ ಸಂಗೀತಕ್ಕೆ ಬದಲಿಸಬಹುದು. ಸರಿಯಾಗಿ ಮಾಡಿದರೆ ಕ್ಲೇಮ್ ತಾನಾಗಿ ಹೋಗುತ್ತದೆ. ಲಿಂಕ್ ಬದಲಾಗುವುದಿಲ್ಲ, ನೋಡಿದವರ ಸಂಖ್ಯೆಯೂ ಉಳಿಯುತ್ತದೆ. ಆರು ಗಂಟೆಗಿಂತ ಉದ್ದದ ವಿಡಿಯೊಗಳಲ್ಲಿ ಈ ಬದಲಾವಣೆ ಉಳಿಸಲು ಆಗದಿರಬಹುದು. ಆದ್ದರಿಂದ ದಿನವಿಡೀ ನಡೆಯುವ ವಿಧಾನವನ್ನು ಬೆಳಿಗ್ಗೆ, ಸಂಜೆ ಎಂದು ಭಾಗ ಮಾಡಿ ಹಾಕುವುದು ಒಳ್ಳೆಯದು.

4. ಕ್ಲೇಮ್ ತಪ್ಪು ಎಂದು ಖಚಿತವಿದ್ದರೆ ಮಾತ್ರ ತಕರಾರು ಸಲ್ಲಿಸಿ. ಉದಾಹರಣೆಗೆ, ನಮ್ಮ ಶ್ರಾವಿಕೆಯರೇ ಬಸದಿಯಲ್ಲಿ ಕುಳಿತು ಭಕ್ತಾಮರ ಪಠಿಸಿದ್ದಾರೆ, ಯಾವ ಕಂಪನಿಯ ಮುದ್ರಣವನ್ನೂ ಬಳಸಿಲ್ಲ. ಅಥವಾ ಹಕ್ಕುದಾರರ ಲಿಖಿತ ಅನುಮತಿ ಇದೆ. ಇದ್ದದ್ದನ್ನು ಇದ್ದಂತೆ ಎರಡು ಮೂರು ಸಾಲಿನಲ್ಲಿ ಬರೆದರೆ ಸಾಕು.

ತಕರಾರಿಗೆ ಉತ್ತರಿಸಲು ಹಕ್ಕುದಾರರಿಗೆ 30 ದಿನ ಇರುತ್ತದೆ. ಅವರು ಒಪ್ಪದಿದ್ದರೆ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಅವರಿಗೆ 7 ದಿನ. ಅಲ್ಲಿಯೂ ಒಪ್ಪದೆ ವಿಡಿಯೊ ತೆಗೆಸಿದರೆ ಸ್ಟ್ರೈಕ್ ಬೀಳುತ್ತದೆ. ಆದ್ದರಿಂದ 'ನಾವು ಲಾಭಕ್ಕಾಗಿ ಮಾಡಿಲ್ಲ', 'ಇದು ಧರ್ಮಪ್ರಚಾರ', 'ಹತ್ತೇ ಸೆಕೆಂಡು ಇತ್ತು' ಎಂಬ ಕಾರಣಗಳ ಮೇಲೆ ತಕರಾರು ಮಾಡಬೇಡಿ. ಅವು ನಿಲ್ಲುವುದಿಲ್ಲ.

ನೇರಪ್ರಸಾರದಲ್ಲಿ ಹೆಚ್ಚು ಎಚ್ಚರ

ನೇರಪ್ರಸಾರವನ್ನೂ ಯಂತ್ರ ಕೇಳುತ್ತಿರುತ್ತದೆ. ಅಭಿಷೇಕ ನಡೆಯುವಾಗ ಮೈಕಿನಲ್ಲಿ ಕಂಪನಿಯ ಭಕ್ತಿಗೀತೆ ಹಾಕಿದರೆ ಪ್ರಸಾರ ನಡುವೆಯೇ ನಿಲ್ಲಬಹುದು. ಮೈಕ್‌ಸೆಟ್‌ನವರಿಗೆ ಹಿಂದಿನ ದಿನವೇ ಹೇಳಿಡಿ. ವಿರಾಮದಲ್ಲಿ ಹಾಡು ಹಾಕುವುದಿದ್ದರೆ ಆ ಹೊತ್ತು ಪ್ರಸಾರದ ಧ್ವನಿಯನ್ನು ಬಂದ್ ಮಾಡಿ. ವಾದ್ಯವೃಂದದವರಿಗೆ ಸಿನಿಮಾ ಧಾಟಿ ಬೇಡವೆಂದು ತಿಳಿಸಿ. ವಿಡಿಯೊ ಸಂಕಲನ ಮಾಡುವವರಿಗೂ ಕೆಲಸ ಒಪ್ಪಿಸುವಾಗಲೇ ಈ ಮಾತು ಹೇಳಬೇಕು.

ಪ್ರತಿ ಕಾರ್ಯಕ್ರಮದ ಮೂಲ ಫೈಲನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಬೇರೆ ಬೇರೆ ಮನೆಗಳಲ್ಲಿ ಇಡಿ. ಅನುಮತಿ ಪತ್ರಗಳನ್ನು ಸಮಿತಿಯ ಕಡತದಲ್ಲಿ ಸೇರಿಸಿ. 'ನಿಮ್ಮ ಚಾನೆಲ್‌ಗೆ ಸ್ಟ್ರೈಕ್ ಬಂದಿದೆ, ಈ ಲಿಂಕ್ ಒತ್ತಿ' ಎಂಬ ಇಮೇಲ್ ಬಂದರೆ ಒತ್ತಬೇಡಿ. ಪಾಸ್‌ವರ್ಡ್ ಕದಿಯಲು ಕಳಿಸುವ ಇಂತಹ ಪತ್ರಗಳಿವೆ. ನೇರವಾಗಿ ಸ್ಟುಡಿಯೊ ತೆರೆದು ನೋಡಿದರೆ ನಿಜ ತಿಳಿಯುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿ ನಮ್ಮವರೇ ಹಾಡುವುದು. ಪ್ರತಿ ಊರಿನಲ್ಲೂ ಒಳ್ಳೆಯ ಕಂಠದ ಶ್ರಾವಿಕೆಯರು, ಮಕ್ಕಳು ಇದ್ದಾರೆ. ಹಳೆಯ ಸ್ತೋತ್ರಗಳನ್ನು, ಪರಂಪರೆಯಿಂದ ಬಂದ ಧಾಟಿಯಲ್ಲಿ ಅವರಿಂದ ಹಾಡಿಸಿ ಒಮ್ಮೆ ಮುದ್ರಿಸಿಟ್ಟುಕೊಂಡರೆ ಎಲ್ಲ ವಿಡಿಯೊಗಳಿಗೂ ಬಳಸಬಹುದು. ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದು ಎಂಬುದು ಅಚೌರ್ಯಾಣುವ್ರತ. ಜಿನವಾಣಿಯನ್ನು ಸಾರುವ ವಿಡಿಯೊದಲ್ಲಿ ಅದನ್ನು ಪಾಲಿಸುವುದು ಕಷ್ಟದ ಕೆಲಸವಲ್ಲ.